ಮೂರನೇ ಬಾಯ್ಲರಿನ ಅಂಗಿ

ಲಾಂಡ್ರಿಯಲ್ಲಿ ಎಲ್ಲರೂ ಗೂಳಿ ಎಂದು ಕರೆಯುವ ಆಳು ಬೀಸಿದ ಸಲಾಕೆ ನನ್ನ ಕಿವಿಯ ಪಕ್ಕದಲ್ಲೇ ಹಾದು ಬಿಸಿನೀರಿನ ಟ್ಯಾಂಕಿಗೆ ಬಡಿಯಿತು. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ಎರಡನೇ ಏಟಿನ ಬಗ್ಗೆ ಹಾಗೆ ಅಂದವರು ಏನೂ ಹೇಳಿಟ್ಟಿಲ್ಲ.

ಎರಡನೆಯದು ಎಡಭುಜಕ್ಕೆ ಬಿತ್ತು. ಒಳಗೆ ಏನೋ ಲಟಕ್ಕೆಂದಿತು. ನಾನು ನೆಲಕ್ಕೆ ಬಿದ್ದೆ, ಬಿದ್ದಲ್ಲಿಂದಲೇ ಅವನ ಮೊಣಕಾಲಿಗೆ ಒದ್ದೆ. ಅವನು ಕುಸಿದು, ಹಾಗೇ ತೆವಳಿ ಬಂದು ನನ್ನ ಎದೆಯ ಮೇಲೆ ಕೂತು, ಸಲಾಕೆಯನ್ನು ಅಡ್ಡಲಾಗಿ ಗಂಟಲಿಗೆ ಒತ್ತಿದ. ಬಾಯ್ಲರ್ ಕೆರೆಯುವ ಸಲಾಕೆ ಅದು, ತುದಿ ಉಳಿಯ ಹಾಗೆ ಚಪ್ಪಟೆ. ಅವನ ಅಣ್ಣ ಸಾಯುವಾಗ ಹಿಡಿದುಕೊಂಡಿದ್ದದ್ದೂ ಅದನ್ನೇ.

"ನಿನ್ನ ಭಾವ ಕೈಗೆ ಸಿಗಲ್ಲ. ನೀನು ಸಿಕ್ಕಿದೀಯ," ಅಂದ.

ಅವನ ಸಿಟ್ಟು ಅನ್ಯಾಯದ್ದಲ್ಲ. ಆಸ್ಪತ್ರೆಗಳ ಬಟ್ಟೆ ಒಗೆಯುವ ಈ ಲಾಂಡ್ರಿಯ ಮೂರನೇ ಬಾಯ್ಲರನ್ನು ಬರಿದು ಮಾಡಿ, ಒಳಗೆ ಕೂತು ಗೋಡೆಗೆ ಕಟ್ಟಿದ ಉಪ್ಪಿನ ಪದರ ಕೆರೆಯುತ್ತಿದ್ದ ಅವನ ಅಣ್ಣ ಮೇಸ್ತ್ರಿಯ ಮೇಲೆ ಕುದಿನೀರು ನುಗ್ಗಿತ್ತು. ಮೇಸ್ತ್ರಿ ಬೆಂದು ಸತ್ತಿದ್ದ. ಬಾಯ್ಲರ್ ನೋಡಿಕೊಳ್ಳುವ ನನ್ನ ಭಾವನೇ ಕೊಲೆಗಾರನೆಂದು ಪೊಲೀಸರು ಹಿಡಿದು ಲಾಕಪ್ಪಿಗೆ ಹಾಕಿದ್ದರು.

ಭಾವನನ್ನು ಬಿಡಿಸಿ ತರುತ್ತೇನೆಂದು ನಾನು ಅಕ್ಕನಿಗೆ ಮಾತು ಕೊಟ್ಟಿದ್ದೆ. ತಾಯಿ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳು. ಇದೇ ಲಾಂಡ್ರಿಯ ಒಗೆತದ ಕೋಣೆಗೆ ಅವಳೇ ಮುಖ್ಯಸ್ಥೆ. ನಾನು ಪೊಲೀಸ್ ಇಲಾಖೆ ಬಿಟ್ಟ ದಿನ ಕೊಟ್ಟ ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಅಲ್ಲಿನ ಅಷ್ಟೂ ಹೆಂಗಸರನ್ನು ಆಳುತ್ತಾಳೆ. ಅಂಥವಳ ಮನೆ ಮುರಿಯುವುದನ್ನು ಕೈಕಟ್ಟಿಕೊಂಡು ನೋಡುವವನು ನಾನಲ್ಲ. ಮಾತು ಕೊಟ್ಟಾಗ ಅವಳು ಅಳಲಿಲ್ಲ. "ನಿನ್ನಿಷ್ಟ" ಅಂದಳು, ಅಷ್ಟೆ. ದುಃಖಕ್ಕೆ ನಾಲಿಗೆ ಬಿದ್ದುಹೋಗಿದೆ ಅಂದುಕೊಂಡೆ.

ಇನ್‌ಸ್ಪೆಕ್ಟರ್ ಬಾರದಿದ್ದರೆ ಆ ಮಾತು ನನ್ನ ಜೊತೆಗೇ ಸಾಯುತ್ತಿತ್ತು. ಲಾಂಡ್ರಿ ಮುಚ್ಚಿದ ಈ ರಜೆಯ ದಿನ ಬಂದು ಒಂದು ಪರೀಕ್ಷೆ ನೋಡಿ ಎಂದು ಅವರನ್ನು ಕಾಡಿ ಬೇಡಿ ಒಪ್ಪಿಸಿದ್ದೆ, ಗೂಳಿಯನ್ನೂ ಕರೆದಿದ್ದೆ. ಎಂದಿನಂತೆ ತಡವಾಗಿ ಬಂದರು. ಬಂದವರೇ ಲಾಠಿಯಿಂದ ಗೂಳಿಯ ಮುಂಗೈಗೆ ಒಂದು, ಬೆನ್ನಿಗೆ ಎರಡು ಬಿಟ್ಟರು. ಸಲಾಕೆ ಬಿತ್ತು. ಮೂರನೆಯದಕ್ಕೆ ಎತ್ತಿದ ಲಾಠಿಯನ್ನು ನಾನು ಬಲಗೈಯಿಂದ ಹಿಡಿದುಕೊಂಡೆ.

"ಸಾಕು ಸಾರ್. ಇವನು ನೋಡಬೇಕು. ಇವನ ಅಣ್ಣ ಹೇಗೆ ಸತ್ತ ಅಂತ ತೋರಿಸ್ತೀನಿ. ಆಮೇಲೂ ನನ್ನ ಭಾವನೇ ಅನ್ನಿಸಿದ್ರೆ ಸಲಾಕೆ ಇಲ್ಲೇ ಇದೆ."

ಬೇಗ ಮುಗಿಸು, ನಿನ್ನ ಭಾವ ಒಪ್ಪಿಕೊಳ್ಳುವ ಹಂತಕ್ಕೆ ಬಂದಿದ್ದಾನೆ ಎಂದರು ಇನ್‌ಸ್ಪೆಕ್ಟರ್. ಎಷ್ಟು ಬಡಿದರೆ ಬರುವ ಹಂತ ಅದು ಎಂದು ಕೇಳಿದೆ. ನೀನೂ ಇಲಾಖೆಯ ಅನ್ನ ತಿಂದವನೇ ಅಲ್ಲವೇ, ನಿನಗೆ ಗೊತ್ತಿಲ್ಲವೇ ಎಂದರು. ನಾನು ಟ್ಯಾಂಕಿನ ಕಡೆ ತಿರುಗಿದೆ.

ಈ ಬಾಯ್ಲರ್ ಕೋಣೆಯ ಸಂಸಾರ ಗೊತ್ತಾಗದೆ ಈ ಕೊಲೆ ಅರ್ಥವಾಗುವುದಿಲ್ಲ. ಒಂದು ದೊಡ್ಡ ಟ್ಯಾಂಕು, ಅದರ ನೀರು ಕಾಯಿಸಲು ಮೂರು ಬಾಯ್ಲರು. ಟ್ಯಾಂಕಿಗೆ ಇಲ್ಲಿಯವರು ಅತ್ತೆ ಎನ್ನುತ್ತಾರೆ. ಬಾಯ್ಲರುಗಳು ಹಿರಿಸೊಸೆ, ನಡುಸೊಸೆ, ಕಿರಿಸೊಸೆ. ಅತ್ತೆಯ ಮೈ ಸದಾ ಅರವತ್ತೈದು ಡಿಗ್ರಿ ಇರಬೇಕು. ಸ್ವಲ್ಪ ತಣ್ಣಗಾದರೆ ಹಿರಿಸೊಸೆ ಏಳುತ್ತಾಳೆ. ಅವಳೊಬ್ಬಳ ಕೈಲಾಗದಿದ್ದರೆ ನಡುಸೊಸೆ. ಇಬ್ಬರೂ ಸೋತು ಅತ್ತೆ ಐವತ್ತೈದಕ್ಕಿಂತ ಕೆಳಗಿಳಿದರೆ ಮಾತ್ರ ಕಿರಿಸೊಸೆಗೆ ಕರೆ ಹೋಗುತ್ತದೆ. ಕರೆಯುವುದು ಗೋಡೆಯ ಮೇಲಿನ ಪೆಟ್ಟಿಗೆ. ಕರೆ ಬಂದವಳ ಪೈಪಿನ ವಾಲ್ವನ್ನು ಮೋಟಾರು ತಾನಾಗಿಯೇ ತೆರೆಯುತ್ತದೆ. ಒಬ್ಬಳೇ ಸವೆಯಬಾರದೆಂದು ಹಿರಿತನ ವಾರಕ್ಕೊಮ್ಮೆ ಬದಲಾಗುತ್ತದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವುದು ಈ ಮನೆಯಲ್ಲಿ ಸೊಸೆಯರ ನಡುವಿನ ಮಾತು.

ಒಬ್ಬಳನ್ನು ಕೆರೆಯಬೇಕಾದಾಗ ಅವಳನ್ನು ಸಾಲಿನ ಕೊನೆಗೆ ತಳ್ಳಿ, ಪೆಟ್ಟಿಗೆಯಲ್ಲಿ ಅವಳ ಸ್ವಿಚ್ಚನ್ನು ರಜೆಗೆ ತಿರುಗಿಸುತ್ತಾರೆ. ರಜೆಯಲ್ಲಿ ಇದ್ದವಳನ್ನು ಪೆಟ್ಟಿಗೆ ಕರೆಯುವುದಿಲ್ಲ. ನ್ಯಾಯವಾಗಿ ಕೈಯಿಂದ ತಿರುಗಿಸುವ ಇನ್ನೊಂದು ವಾಲ್ವನ್ನೂ ಮುಚ್ಚಬೇಕು. ಆದರೆ ಅದು ತುಕ್ಕು ತಿಂದು ಅಲ್ಲಾಡದಂತೆ ಕೂತು ಎಷ್ಟೋ ವರ್ಷವಾಗಿದೆ. ಅದರ ಬದಲಿಗೆ ಇವರು ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಒಳಗೆ ಇಳಿಯುವವನು ತನ್ನ ಅಂಗಿ ಬಿಚ್ಚಿ ಆ ಸ್ವಿಚ್ಚಿಗೆ ತಗುಲಿಹಾಕುತ್ತಾನೆ. ಅಂಗಿ ಇದ್ದರೆ ಒಳಗೆ ಆಳಿದ್ದಾನೆ, ಯಾರೂ ಮುಟ್ಟಬಾರದು. ಒಂದು ವಾಲ್ವಿನ ಕೆಲಸವನ್ನು ಒಂದು ಅಂಗಿಗೆ ವಹಿಸಿ ಎಲ್ಲರೂ ನಿಶ್ಚಿಂತೆಯಾಗಿದ್ದರು.

ಪೊಲೀಸರ ಲೆಕ್ಕ ಸರಳವಾಗಿತ್ತು. ಆ ದಿನ ಮೇಸ್ತ್ರಿ ಭಾವನ ಕಪಾಳಕ್ಕೆ ಹೊಡೆದಿದ್ದ. ಭಾವ, "ನಿನ್ನನ್ನ ಬೇಯಿಸಿಬಿಡ್ತೀನಿ" ಅಂದಿದ್ದರು. ಟೀ ತರಲು ಹೊರಟಿದ್ದ ಗೂಳಿ ಅದನ್ನು ಕೇಳಿಸಿಕೊಂಡಿದ್ದ. ಊಟದ ಡಬ್ಬಿ ಬೆಚ್ಚಗಿರಲೆಂದು ಟ್ಯಾಂಕಿನ ಮೇಲೆ ಇಡಲು ಬರುವ ಹೆಂಗಸರು ಆಗಲೇ ಬಂದು ಹೋಗಿದ್ದರು. ಕೂಗು ಕೇಳಿದಾಗ ಕೋಣೆಯಲ್ಲಿದ್ದದ್ದು ಭಾವ ಒಬ್ಬರೇ. ಸ್ವಿಚ್ಚು ರಜೆಯಲ್ಲಿರಲಿಲ್ಲ. ಅವರು ತಿರುಗಿಸಿದರು, ನೀರು ನುಗ್ಗಿತು, ಮುಗಿಯಿತು.

ನಾನು ಕಿರಿಸೊಸೆಯ, ಅಂದರೆ ಆ ಮೂರನೇ ಬಾಯ್ಲರಿನ, ಗ್ಯಾಸು ಮುಚ್ಚಿದ್ದೇನೋ ಇಲ್ಲವೋ ಇನ್ನೊಮ್ಮೆ ನೋಡಿಕೊಂಡೆ. ಅವಳ ಹೊಟ್ಟೆಯ ಬಾಗಿಲು ಅವತ್ತಿನಂತೆಯೇ ತೆರೆದಿತ್ತು, ಒಳಗೆ ಕತ್ತಲೆ. ಇನ್‌ಸ್ಪೆಕ್ಟರರ ಕಣ್ಣೆದುರಿಗೆ ಸ್ವಿಚ್ಚನ್ನು ರಜೆಯಿಂದ ಕೆಲಸಕ್ಕೆ ತಿರುಗಿಸಿದೆ.

ಏನೂ ಆಗಲಿಲ್ಲ.

ಇನ್‌ಸ್ಪೆಕ್ಟರ್ ಸಿಗರೇಟು ಹಚ್ಚಿದರು. ಅರ್ಧ ಸೇದಿದರು. ಗೂಳಿ ಮುಂಗೈ ಉಜ್ಜಿಕೊಳ್ಳುತ್ತ ಕತ್ತಲ ಬಾಗಿಲನ್ನೇ ನೋಡುತ್ತಿದ್ದ. ಟ್ಯಾಂಕಿನ ಮುಳ್ಳು ಅರವತ್ತೈದರಲ್ಲಿ ಹಾಯಾಗಿ ನಿದ್ದೆ ಮಾಡುತ್ತಿತ್ತು. ಅತ್ತೆಗೆ ಚಳಿಯಾಗದೆ ಸೊಸೆಗೆ ಕರೆ ಇಲ್ಲ. ಸ್ವಿಚ್ಚು ತಿರುಗಿಸಿದವನು ಅಲ್ಲಿಂದ ಹೋಗಿ, ಎಷ್ಟೋ ಹೊತ್ತಿನ ಮೇಲೆ ಸಾವು ಬರಬಹುದು ಎಂದು ವಿವರಿಸಿದೆ.

"ಒಗೆತದ ಕೋಣೆಗೆ ಹೋಗಿ ಒಂದು ಯಂತ್ರದ ಬಿಸಿನೀರು ಬಿಡು," ಅಂದೆ ಗೂಳಿಗೆ.

ಅವನು ಮುಂಗೈ ಉಜ್ಜಿಕೊಳ್ಳುತ್ತಲೇ ಹೋದ. ಪಕ್ಕದ ಒಗೆತದ ಕೋಣೆಯಿಂದ ನೀರಿನ ಸದ್ದು ಬಂತು. ಮುಳ್ಳು ತುಸು ಅಲುಗಿತು, ಹಿರಿಸೊಸೆ ಭಗ್ಗನೆ ಹೊತ್ತಿಕೊಂಡಳು, ಮುಳ್ಳು ಮತ್ತೆ ಸ್ವಸ್ಥಾನಕ್ಕೆ ಬಂತು. ದಿನನಿತ್ಯ ನಡೆಯುವುದು ಹೀಗೇ. ಒಂದು ಯಂತ್ರ ತುಂಬಿದ ಮೇಲೆ ಇನ್ನೊಂದು. ಇಬ್ಬರು ಸೊಸೆಯರಲ್ಲೇ ಸಂಸಾರ ಸಾಗುತ್ತದೆ.

"ಈಗ ಎಲ್ಲಾ ಬಿಡು. ಒಟ್ಟಿಗೆ."

ಅವನು ಓಡಾಡಿ ಒಂದೊಂದೇ ತಿರುವುವುದು ಕೇಳಿಸಿತು. ತಣ್ಣೀರು ಟ್ಯಾಂಕಿನ ತಳಕ್ಕೆ ನುಗ್ಗತೊಡಗಿತು. ಮುಳ್ಳು ಜಾರಿತು. ನಡುಸೊಸೆ ಗುಡುಗಿದಳು. ಮುಳ್ಳು ನಿಲ್ಲಲಿಲ್ಲ. ಅರವತ್ತು ದಾಟಿತು, ಐವತ್ತೈದಕ್ಕಿಂತಲೂ ಕೆಳಗಿಳಿಯಿತು. ಇನ್‌ಸ್ಪೆಕ್ಟರ್ ಸಿಗರೇಟು ಬಾಯಿಗೆ ಇಡುವುದನ್ನು ಮರೆತಿದ್ದರು.

ಮೂರನೇ ಪೈಪಿನ ಮೇಲಿನ ಮೋಟಾರು ಗೊಣಗಿ ತಿರುಗಿತು.

ಮೊದಲು ಬಂದದ್ದು ಸದ್ದು. ಖಾಲಿ ಕಬ್ಬಿಣಕ್ಕೆ ನೀರು ಅಪ್ಪಳಿಸುವ ಸದ್ದು. ಆಮೇಲೆ ಆವಿ. ಇಬ್ಬರು ಸೊಸೆಯರು ಕಾಯಿಸಿ ಕಳಿಸಿದ, ಇನ್ನೂ ಅತ್ತೆಯ ಹೊಟ್ಟೆ ಸೇರದ ನೀರು ಅದು, ತೊಂಬತ್ತರ ಹತ್ತಿರ. ಕಿರಿಸೊಸೆಯ ಹೊಟ್ಟೆ ತುಂಬಿ ಬಾಗಿಲಿನಿಂದ ಉಕ್ಕಿ ನೆಲಕ್ಕೆ ಸುರಿಯಿತು.

ಗೂಳಿ ಓಡಿ ಬಂದ. ಆ ಬಾಗಿಲನ್ನು ನೋಡಿದ. ನಾನು ಹಿಡಿಯುವ ಮೊದಲೇ ಹಾರಿ, ಮೊಣಕೈವರೆಗೂ ಆ ನೀರಿನೊಳಗೆ ಎರಡೂ ಕೈ ಹಾಕಿ ತಡಕಾಡತೊಡಗಿದ. ಒಳಗೆ ಯಾರೂ ಇಲ್ಲವೆಂದು ಅವನಿಗೂ ಗೊತ್ತಿತ್ತು. ಆದರೂ ಅಣ್ಣನ ಕೈ ಸಿಗುತ್ತದೇನೋ ಎಂಬಂತೆ ಹುಡುಕುತ್ತಿದ್ದ. ಕೂದಲು ಹಿಡಿದು ಹಿಂದಕ್ಕೆ ಎಳೆದೆ. ಇನ್‌ಸ್ಪೆಕ್ಟರ್ ಸ್ವಿಚ್ಚು ತಿರುಗಿಸಿದರು. ಗೂಳಿಯ ಕೈಗಳ ಚರ್ಮ ಕೆಂಪಗೆ ಉಬ್ಬುತ್ತಿತ್ತು. ಅವನು ಕೂಗಲಿಲ್ಲ. ಇಂಥ ಪರೀಕ್ಷೆಗೆ ಅವನನ್ನು ಕರೆಯಬಾರದಿತ್ತು.

ತಣ್ಣೀರಿನ ಬಕೆಟ್ಟಿಗೆ ಅವನ ಕೈ ಅದ್ದಿಸಿ, ಉಳಿದದ್ದನ್ನು ಹೇಳಿದೆ.

ಸ್ವಿಚ್ಚಿಗೆ ತಗುಲಿದ್ದ ಅಂಗಿ ಯಾರದು ಎಂದು ಇನ್‌ಸ್ಪೆಕ್ಟರರನ್ನು ಕೇಳಿದೆ. ಅವರು ಅದನ್ನು ಕಾಗದದ ಪೊಟ್ಟಣದಲ್ಲಿ ತಂದಿದ್ದರು. ಬೂದಿ ಬಣ್ಣದ ಅಂಗಿ, ಎಲ್ಲ ಗುಂಡಿ ಬಿಳಿ, ಎದೆಯ ಮೇಲಿನದೊಂದು ಕಂದು. ನಿನ್ನ ಭಾವನದು ಎಂದರು. ಮೇಸ್ತ್ರಿಯ ಅಂಗಿ ಎಲ್ಲಿ ಎಂದೆ. ಅವರು ಪೊಟ್ಟಣದೊಳಗೆ ಇನ್ನೊಮ್ಮೆ ಇಣುಕಿದರು. ಶವಾಗಾರದಲ್ಲಿ ನಾನು ಅದನ್ನು ನೋಡಿದ್ದೆ. ಮೇಸ್ತ್ರಿಯ ಮೈಮೇಲೇ ಇತ್ತು. ಬಟ್ಟೆ ಯಾವುದು, ತೊಗಲು ಯಾವುದು ಎಂದು ಡಾಕ್ಟರಿಗೂ ಬಿಡಿಸಲು ಆಗಿರಲಿಲ್ಲ.

ಭಾವ ಮೊದಲ ದಿನದಿಂದ ಹೇಳುತ್ತಿದ್ದದ್ದು ಇಷ್ಟೇ. ಅವತ್ತು ಮೊದಲು ಒಳಗೆ ಇಳಿದವರು ಅವರು. ಅಂಗಿ ತಗುಲಿಹಾಕಿದ್ದೂ ಅವರೇ. ಉಸಿರು ಕಟ್ಟಿ ಹೊರಗೆ ಬಂದರು. ಕೈಲಾಗದವನು ಎಂದು ಮೇಸ್ತ್ರಿ ಬೈದು, ಕಪಾಳಕ್ಕೆ ಹೊಡೆದು, ಆ ಸಿಟ್ಟಿನಲ್ಲಿ ಅಂಗಿ ಬಿಚ್ಚದೆ ತಾನೇ ಇಳಿದ. ಅಂಗಿ ಯಾರದಾದರೇನು, ಇದೆಯಲ್ಲ ಅಂದುಕೊಂಡಿರಬೇಕು. ಭಾವ ಬರಿಮೈಯಲ್ಲಿ ಹಿರಿಸೊಸೆಯ ಹಿಂದೆ ಹೋಗಿ ಕೂತರು. ಡಬ್ಬಿ ಇಡಲು ಬಂದವರ ಕಣ್ಣಿಗೆ ಕಾಣುತ್ತಿದ್ದದ್ದು ಆ ಅಂಗಿ ಮಾತ್ರ. ಅವರಲ್ಲೊಬ್ಬರು ಅದರ ಕೆಳಗೆ ಕೈ ಹಾಕಿ ತಿರುಗಿಸಿದ ಸ್ವಿಚ್ಚನ್ನು ಆ ಅಂಗಿಯೇ ಮುಚ್ಚಿಕೊಂಡಿತ್ತು.

"ಅಂದ್ರೆ ಕೊಲ್ಲೋಕೆ ಹೊರಟಿದ್ದು ನಿನ್ನ ಭಾವನನ್ನ," ಅಂದರು ಇನ್‌ಸ್ಪೆಕ್ಟರ್ ನಿಧಾನವಾಗಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೀರಿ ಎಂದೆ. ಎಂಥ ಹೊತ್ತಿನಲ್ಲೂ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಅವರು ಬೈಯಲಿಲ್ಲ. ನಾಳೆ ಬೆಳಿಗ್ಗೆ ಒಗೆತದ ಕೋಣೆಯ ಒಬ್ಬೊಬ್ಬರನ್ನೂ ಕೂರಿಸಿ ವಿಚಾರಿಸುತ್ತೇನೆ, ನಿನ್ನ ಭಾವನನ್ನು ಈಗಲೇ ಜೀಪಿನಲ್ಲಿ ಮನೆಗೆ ಕಳಿಸುತ್ತೇನೆ ಎಂದು ಫೋನು ಹಿಡಿದು ಹೊರಗೆ ಹೋದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಭುಜದ ನೋವೂ ಮರೆತುಹೋಯಿತು.

ಗೂಳಿ ಬಕೆಟ್ಟಿನೊಳಗಿನ ಕೈಗಳನ್ನೇ ನೋಡುತ್ತಿದ್ದ. ಅವನು ಯಾರಿಗೂ ಅಲ್ಲದೆ ಮಾತಾಡಿದ.

"ಅವತ್ತು ಟೀ ಹಿಡ್ಕೊಂಡು ಒಗೆತದ ಕೋಣೆ ದಾಟ್ತಾ ಇದ್ದೆ. ಎರಡು ಸೀಟಿ ಕೇಳಿಸ್ತು. ನಾಳೆ ರಜಾನಾ ಅಂದ್ಕೊಂಡೆ."

ನನ್ನ ಸಂತೋಷ ಅಲ್ಲಿಗೇ ನಿಂತಿತು. ಎರಡು ಸೀಟಿ ಅಂದರೇನು ಎಂದು ಕೇಳಿದೆ, ಕೇಳಬಾರದೆಂದು ಮನಸ್ಸು ಹೇಳುತ್ತಿದ್ದರೂ. ಒಂದು ಸೀಟಿಗೆ ಒಂದು ಯಂತ್ರ ತುಂಬಬೇಕು ಎಂದ. ಎರಡು ಊದಿದರೆ ಎಲ್ಲರೂ ಒಟ್ಟಿಗೆ ನೀರು ಬಿಡಬೇಕು. ರಜೆಯ ಹಿಂದಿನ ದಿನ ಪೈಪು ತೊಳೆಯಲು ಮಾತ್ರ ಹಾಗೆ ಊದುತ್ತಾರೆ. ಅವತ್ತು ರಜೆಯ ಹಿಂದಿನ ದಿನವಾಗಿರಲಿಲ್ಲ.

ಊದುವವರು ಯಾರು ಎಂದು ನಾನು ಕೇಳಲಿಲ್ಲ. ಅವನು ಹೇಳಲೂ ಇಲ್ಲ. ನೋವು ಆಗ ತಾನೇ ಅವನ ತಲೆಗೆ ಏರುತ್ತಿತ್ತು. ಇನ್‌ಸ್ಪೆಕ್ಟರ್ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಾಗ ನಾನು ಬಾಯಿ ಬಿಡಲಿಲ್ಲ.

ಅಕ್ಕನ ಮನೆಗೆ ನಡೆದುಕೊಂಡೇ ಹೋದೆ. ದಾರಿಯುದ್ದಕ್ಕೂ ಅವಳ ಪರವಾಗಿ ನಾನೇ ಉತ್ತರಗಳನ್ನು ಜೋಡಿಸುತ್ತಿದ್ದೆ. ಮರೆತು ಊದಿರಬಹುದು. ಬೇರೆ ಯಾರೋ ಸೀಟಿ ಇಸಿದುಕೊಂಡಿರಬಹುದು. ಬಾಗಿಲು ತೆರೆದೇ ಇತ್ತು. ಒಂದೇ ಕೋಣೆ, ಮೂಲೆಯಲ್ಲಿ ಅಡುಗೆ. ಸ್ಟೌ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಅಕ್ಕ ಅದರ ಮುಂದೆ ನಿಂತಿದ್ದಳು.

"ಬಿಡಿಸಿಬಿಟ್ಟೆ ಅಲ್ವಾ?" ಅಂದಳು. "ಬೆಳಿಗ್ಗೆ ನೀನು ಹೊರಟಾಗಲೇ ಗೊತ್ತಾಯ್ತು. ನೀನು ಹಿಡಿದ ಹಟ ಬಿಡೋನಲ್ಲ."

"ಎರಡು ಸೀಟಿ ಯಾಕೆ ಊದಿದೆ ಅಕ್ಕ?"

ಅವಳು ನನ್ನ ಭುಜ ನೋಡಿದಳು. ಕೂತ್ಕೋ, ಊದಿಕೊಂಡಿದೆ ಅಂದಳು. ನಾನು ಕೂರಲಿಲ್ಲ. ಅವಳು ಕೊರಳಿನ ಸೀಟಿ ತೆಗೆದು ಮೇಜಿನ ಮೇಲೆ ಇಟ್ಟಳು, ಸಾಲ ತಂದ ವಸ್ತುವನ್ನು ಹಿಂದಿರುಗಿಸುವವಳ ಹಾಗೆ.

"ಒಳಗಿರೋದು ನಿನ್ನ ಭಾವ ಅಂದ್ಕೊಂಡಿದ್ದೆ ಕಣೋ."

ಗೋಡೆಗೆ ಒರಗಿಕೊಂಡೆ. ಅವಳು ತೋಳಿನ ಬಟ್ಟೆ ಮೇಲಕ್ಕೆ ಸರಿಸಿದಳು. ಮುಂಗೈಯಿಂದ ಮೊಣಕೈಯಾಚೆಯವರೆಗೆ ಸುಟ್ಟ ಕಲೆಗಳು, ಹಳೆಯದರ ಮೇಲೆ ಹೊಸದು. ಆ ಕಲೆಗಳನ್ನು ನಾನು ಮೊದಲೂ ನೋಡಿದ್ದೆ. ಇಸ್ತ್ರಿಯ ಆವಿ ತಗುಲಿತು ಅನ್ನುತ್ತಿದ್ದಳು.

ಭಾವನಿಗೆ ಸ್ನಾನದ ನೀರು ಹದವಾಗಿರಬೇಕು. ಕೆಲಸದಲ್ಲಿ ಅದು ಅವನ ಹೆಮ್ಮೆ, ಒಂದು ಡಿಗ್ರಿ ಆಚೀಚೆ ಆಗಲು ಬಿಡುವವನಲ್ಲ. ಮನೆಯಲ್ಲಿ ಹದ ತಪ್ಪಿದರೆ ಅವಳ ಕೈಯನ್ನು ಕುದಿಯುವ ಪಾತ್ರೆಗೆ ಅದ್ದಿ ಹಿಡಿಯುತ್ತಿದ್ದ. ಇದನ್ನೆಲ್ಲ ಅವಳು ಊಟದ ಡಬ್ಬಿಯ ವಿಷಯ ಹೇಳುವಷ್ಟೇ ಮೆತ್ತಗೆ ಹೇಳಿದಳು.

"ಟ್ಯಾಂಕಿಗೆ ಮುಳ್ಳಿದೆ. ಮನೇಲಿ ಮುಳ್ಳು ನನ್ನ ಕೈ," ಅಂದಳು. "ಡಬ್ಬಿ ಇಡೋಕೆ ಹೋದೆ, ಅಂಗಿ ಕಾಣಿಸ್ತು. ಆ ಕಂದು ಗುಂಡಿ ಹೊಲಿದವಳು ನಾನೇ. ಮೇಸ್ತ್ರಿ ನನಗೇನು ಮಾಡಿದ್ದ ಹೇಳು? ಅವನ ಕೂಗು ಕೇಳಿದಾಗ, ಇದು ಇವರ ದನಿ ಅಲ್ಲ ಅಂತ ಗೊತ್ತಾಗೋ ಹೊತ್ತಿಗೆ..."

ಭಾವ ಲಾಕಪ್ಪಿಗೆ ಹೋದ ದಿನವೂ ಅಳದಿದ್ದವಳು ಮೇಸ್ತ್ರಿಗಾಗಿ ಅತ್ತಳು. ನಾನು ಅವಳಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದೆ. ಅವಳು ಬೇಡದೆ ಇದ್ದ ಮಾತು ಅದು. ಅಕ್ಕ, ಈಗಲೇ ಹೊರಡು, ಉಟ್ಟ ಬಟ್ಟೆಯಲ್ಲೇ ಹೊರಡು ಎಂದು ಅವಳ ಕೈ ಹಿಡಿದೆ.

ಹೊರಗೆ ಜೀಪು ನಿಂತ ಸದ್ದಾಯಿತು. ಯಾರೋ ಇಳಿದರು. ಜೀಪು ಹೊರಟುಹೋಯಿತು.

ಭಾವ ಒಳಗೆ ಬಂದ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ತುಟಿ ಸೀಳಿತ್ತು. ಮೈಮೇಲೆ ಅಂಗಿಯಿಲ್ಲ, ಬೆನ್ನಿನ ಮೇಲೆ ಲಾಠಿಯ ಬಾಸುಂಡೆಗಳು. ನನ್ನನ್ನು ನೋಡಿ ಆ ಸೀಳಿದ ತುಟಿಯಲ್ಲೇ ನಕ್ಕ. ನಿನ್ನ ಋಣ ತೀರಿಸಲು ಆಗಲ್ಲ ಕಣಪ್ಪ ಅಂದ. ಆಮೇಲೆ ಅಕ್ಕನ ಕಡೆ ತಿರುಗಿದ.

"ಅಂಗಿ ಪೊಲೀಸರೇ ಇಟ್ಕೊಂಡ್ರು. ಲಾಕಪ್ಪಲ್ಲಿ ಕೂತು ಅದನ್ನೇ ಯೋಚನೆ ಮಾಡ್ತಿದ್ದೆ. ಡಬ್ಬಿ ಇಡೋಕೆ ಬಂದ ಅಷ್ಟು ಜನ ಹೆಂಗಸರಲ್ಲಿ, ಆ ಗುಂಡಿ ನೋಡಿ ಅಂಗಿ ಯಾರದು ಅಂತ ಗುರುತು ಹಿಡಿಯೋದು ಒಬ್ಬಳೇ ಅಲ್ವಾ?"

ನಾನು ಇಬ್ಬರ ನಡುವೆ ಹೋಗಿ ನಿಂತೆ. ನನ್ನ ಎಡಗೈ ಮೇಲೆ ಏಳುತ್ತಿರಲಿಲ್ಲ.

ಭಾವ ಹಿಂದಕ್ಕೆ ಕೈ ಚಾಚಿ ಬಾಗಿಲಿಗೆ ಚಿಲಕ ಹಾಕಿದ.

"ಸ್ನಾನ ಮಾಡಬೇಕು," ಅಂದ. "ನೀರು ಹದವಾಗಿದೆಯಾ?"

ಪಾತ್ರೆಯ ನೀರು ಮರಳುತ್ತಿತ್ತು. ನನ್ನ ಬೆನ್ನ ಹಿಂದೆ ಅಕ್ಕ ಕಣ್ಣೊರೆಸಿಕೊಂಡು, ಗೂಟದ ಮೇಲಿದ್ದ ಮಸಿಬಟ್ಟೆ ತೆಗೆದುಕೊಂಡು ಪಾತ್ರೆಯ ಎರಡೂ ಅಂಚು ಹಿಡಿದಳು.